ಎಬ್ಬಿಸಿದ ಮಣ್ಣು

ಮೇ ತಿಂಗಳ ಮೂರನೆಯ ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಡಾಕ್ಟರ್ ಅನಸೂಯಾ ಗುಂಡಿ ಒತ್ತಿದಳು. ಬೂದಿಗುಡ್ಡದ ಕಾವಲಿನ ಆರುನೂರು ಎಕರೆ ಹುಲ್ಲುಗಾವಲಿನಲ್ಲಿ ಮೊಳದಾಳಕ್ಕೆ ಹೂತಿದ್ದ ಇನ್ನೂರ ಹದಿನಾಲ್ಕು ಕೊಳವೆಗಳು ಒಂದೇ ಸಲಕ್ಕೆ ಸಣ್ಣಗೆ ಸಿಳ್ಳು ಹಾಕಿದವು. ಮಂಜಿಗಿಂತ ತೆಳುವಾದ ಆವಿ ಅವುಗಳ ತೂತುಗಳಿಂದ ಹೊರಟು, ಒಣಗಿ ಗಟ್ಟಿಯಾಗಿದ್ದ ಕೆಮ್ಮಣ್ಣಿನ ಕಣಗಳ ಸಂದಿಗೆ ಇಳಿಯತೊಡಗಿತು.

ಕಾವಲಿನ ಅಂಚಿನ ತಗಡಿನ ಕೊಠಡಿಯಲ್ಲಿ ಮೂವರು ಪರದೆ ನೋಡುತ್ತ ನಿಂತಿದ್ದರು. ಒಬ್ಬಳು ಅನಸೂಯಾ, ಈ ಯಂತ್ರವನ್ನು ರೂಪಿಸಿದ ಸೂಕ್ಷ್ಮಜೀವಿ ವಿಜ್ಞಾನಿ. ಇನ್ನೊಬ್ಬ ಐವತ್ತರ ದಸ್ತಗೀರ್. ಕೊಳವೆ ಹೂಳುವುದರಿಂದ ಹಿಡಿದು ಜೀಪು ಓಡಿಸುವವರೆಗೆ ಎಲ್ಲವೂ ಅವನದೇ ಕೆಲಸ. ಮೂರನೆಯವಳು ಪಕ್ಕದ ಗೊಲ್ಲರಹಟ್ಟಿಯ ಕಾಟಮ್ಮ. ಕಾವಲಿನ ಹುಲ್ಲು ಕೊಯ್ಯುವುದು, ಮನೆಮನೆಗೆ ಹಂಚುವುದು ಹಟ್ಟಿಯ ಸಮಿತಿಯ ಹೊಣೆ. ಅರವತ್ತೆರಡರ ಕಾಟಮ್ಮ ಆ ಸಮಿತಿಯ ಯಜಮಾನಿ. ಪ್ರಯೋಗ ಶುರುವಾದ ಮೂರು ವರ್ಷದಿಂದ ಕಾವಲಿಗೆ ಒಂದು ಕುರಿಯೂ ನುಗ್ಗದಂತೆ ಕಾದವಳು ಅವಳೇ.

"ಬರೀ ಬೂದಿ ಬಣ್ಣ ಕಾಣ್ತೈತಲ್ಲಮ್ಮಾ," ಎಂದಳು ಕಾಟಮ್ಮ.

"ಬೂದು ಅಂದರೆ ನಿದ್ದೆ. ಎದ್ದರೆ ಹಸಿರಾಗುತ್ತೆ, ಬಾಯಾರಿದರೆ ಹಳದಿ, ಸಾಯೋಕೆ ಶುರುವಾದರೆ ಕೆಂಪು. ಸಂಜೆವರೆಗೆ ತಾಳಿ."

ಎರಡು ಸಾವಿರದ ಐವತ್ತೆರಡನೆಯ ಇಸವಿಯ ಹೊತ್ತಿಗೆ ಆ ಸೀಮೆಯಲ್ಲಿ ಮಳೆಯ ಪ್ರಮಾಣವೇನೂ ಇಳಿದಿರಲಿಲ್ಲ. ಅದರ ನಡತೆ ಕೆಟ್ಟಿತ್ತು. ಎಂಟು ತಿಂಗಳು ಒಂದು ಹನಿ ಬೀಳದೆ, ಆಮೇಲೆ ವರ್ಷದ ಮಳೆಯೆಲ್ಲ ನಾಲ್ಕೈದು ಅಬ್ಬರಗಳಲ್ಲಿ ಸುರಿದು ಹೋಗುತ್ತಿತ್ತು. ಹುಲ್ಲಿಗೆ ಅದು ಹೊಂದಲಿಲ್ಲ. ಹುಲ್ಲಿಗಿಂತ ಮೊದಲು ಮಣ್ಣಿಗೆ ಹೊಂದಲಿಲ್ಲ.

ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಮಣ್ಣಿನ ಕಣಗಳನ್ನು ಅಂಟಿಸಿ ಹಿಡಿಯುವ ಲೋಳೆ ಅವುಗಳದು. ಬಿದ್ದ ನೀರು ಇಂಗುವುದು ಆ ಅಂಟಿನಿಂದಲೇ. ಗಾಳಿಯ ಸಾರಜನಕವನ್ನು ಬೇರಿಗೆ ಉಣಿಸುವುದೂ ಅವೇ. ನೆಲ ಒಣಗತೊಡಗಿದರೆ ಅವು ಮೊದಲು ತಮ್ಮೊಳಗೆ ಸಕ್ಕರೆಯಂಥ ವಸ್ತುವನ್ನು ತುಂಬಿಕೊಂಡು ಇರುವ ನೀರನ್ನು ಬಿಗಿಹಿಡಿಯುತ್ತವೆ. ಅದೂ ಸಾಲದಾದಾಗ ಗಟ್ಟಿ ಕವಚದೊಳಗೆ ಮುದುಡಿ ಬೀಜಕಗಳಾಗಿ ಮಲಗಿಬಿಡುತ್ತವೆ. ಹಾಗೆ ಮಲಗಿದ ಬೀಜಕಗಳ ರಾಶಿಗೆ ಅನಸೂಯಾ ಸುಪ್ತಭಂಡಾರ ಎಂದು ಹೆಸರಿಟ್ಟಿದ್ದಳು. ಮಳೆ ಬಂದ ಮೇಲೆ ಅವು ಏಳಲು ಏಳೆಂಟು ದಿನ ಬೇಕು. ಅಷ್ಟರಲ್ಲಿ ಅಬ್ಬರದ ಮಳೆ ಅಂಟಿಲ್ಲದ ಮೇಲ್ಮಣ್ಣನ್ನು ಹಳ್ಳಕ್ಕೆ ಒಯ್ದಿರುತ್ತಿತ್ತು.

ಮಳೆಗೆ ಮೂರು ದಿನ ಮೊದಲೇ ಅವನ್ನು ಎಬ್ಬಿಸಿದರೆ? ಈ ಒಂದು ಪ್ರಶ್ನೆಗೆ ಅನಸೂಯಾ ಒಂಬತ್ತು ವರ್ಷ ಕೊಟ್ಟಿದ್ದಳು. ಸಿಕ್ಕ ಉತ್ತರವೇ ನೆಲನಾಡಿ. ಈ ಯಂತ್ರ ಮಣ್ಣಿನ ಉಸಿರನ್ನು ಅಳೆಯುತ್ತಿತ್ತು. ಜೊತೆಗೆ, 'ಕಾಲ ಒಳ್ಳೆಯದಾಗಿದೆ' ಎಂದು ಸೂಕ್ಷ್ಮಜೀವಿಗಳು ಒಂದಕ್ಕೊಂದು ತಿಳಿಸಲು ಬಳಸುವ ರಾಸಾಯನಿಕವನ್ನೇ, ಒಂದಿಷ್ಟು ತೇವ ಬೆರೆಸಿ, ಮಣ್ಣಿಗೆ ಊಡುತ್ತಿತ್ತು. ಅದಕ್ಕೆ ಎಚ್ಚರದ ಅಣು ಎಂದು ಹೆಸರು.

ವಿವರಣೆ ಕೇಳಿದ ಕಾಟಮ್ಮ ಪರದೆಯಿಂದ ಅವಳ ಕಡೆ ತಿರುಗಿದಳು. "ಅಂದ್ರೆ ಮಳೆ ಬಂತು ಅಂತ ಅವಕ್ಕೆ ಸುಳ್ಳು ಹೇಳ್ದಂಗೆ ಅಲ್ವಾ?"

"ಸುಳ್ಳಲ್ಲ ಕಾಟಮ್ಮಾ. ಮೂರು ದಿನ ಮುಂಚೆ ಹೇಳಿದ ನಿಜ. ಶುಕ್ರವಾರ ಮಳೆ ಬರೋದು ನೂರಕ್ಕೆ ತೊಂಬತ್ತಮೂರು ಪಾಲು ಖಚಿತ."

ಸಂಜೆ ನಾಲ್ಕರ ಹೊತ್ತಿಗೆ ಪರದೆಯ ಬೂದು ನಕ್ಷೆಯ ಮೇಲೆ ಹಸಿರು ಚುಕ್ಕೆಗಳೆದ್ದವು. ಬುಧವಾರ ಬೆಳಗಾಗುವಷ್ಟರಲ್ಲಿ ನಕ್ಷೆ ತುಂಬ ಹಸಿರು. ದಸ್ತಗೀರ್ ಹಟ್ಟಿಯವರಿಗೆಲ್ಲ ಬೆಲ್ಲ ಹಂಚಿದ. ಅನಸೂಯಾ ಕಾವಲಿನ ನಡುವೆ ಒಂದು ಹಿಡಿ ಮಣ್ಣೆತ್ತಿ ಮೂಸಿದಳು. ಮೊದಲ ಮಳೆಯ ಘಮ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಶುಕ್ರವಾರವೂ ಇರಲಿಲ್ಲ.

ಬಂಗಾಳ ಕೊಲ್ಲಿಯಲ್ಲಿ ಯಾರೂ ಎಣಿಸದ ಚಂಡಮಾರುತವೊಂದು ಎದ್ದು, ಈ ಕಡೆಗೆ ಬರಬೇಕಿದ್ದ ತೇವವನ್ನೆಲ್ಲ ಪೂರ್ವಕ್ಕೆ ಎಳೆದುಕೊಂಡಿತ್ತು. ಹವಾಮಾನದ ಹೊಸ ಲೆಕ್ಕ ಬಂತು: ಇನ್ನು ಹತ್ತು ದಿನ ಒಣಹವೆ, ಬಿಸಿಲು ನಲವತ್ತಮೂರು ಡಿಗ್ರಿ. ಅನಸೂಯಾ ಆ ಸಾಲನ್ನು ಮೂರು ಸಲ ಓದಿದಳು. ಎದ್ದವನ್ನು ಮತ್ತೆ ಮಲಗಿಸುವುದು ಹೇಗೆಂದು ಅವಳು ಒಂಬತ್ತು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ.

ಶನಿವಾರ ಮಧ್ಯಾಹ್ನ ನಕ್ಷೆಯ ದಕ್ಷಿಣದ ಅಂಚು ಹಳದಿಗೆ ತಿರುಗಿತು.

"ತಾವಾಗಿ ಮತ್ತೆ ಮಲಗಲ್ವಾ ಮೇಡಂ?" ಎಂದ ದಸ್ತಗೀರ್.

"ಮಲಗೋಕೂ ಶಕ್ತಿ ಬೇಕು. ಕವಚ ಕಟ್ಟಿಕೊಳ್ಳೋಕೆ ಎರಡು ಮೂರು ದಿನ ನಿಧಾನವಾಗಿ ಒಣಗಬೇಕು. ಈ ಬಿಸಿಲಲ್ಲಿ ನೆಲ ಕಾದ ಹೆಂಚಾಗಿದೆ, ಒಂದೇ ಹಗಲಿಗೆ ಒಣಗಿಬಿಡುತ್ತೆ. ಒಳಗೆ ಕೂಡಿಟ್ಟಿದ್ದ ಆಹಾರಾನ ಏಳೋಕೇ ಖರ್ಚು ಮಾಡಿಕೊಂಡಿವೆ."

"ಹಾಗಾದ್ರೆ ನೀರು ಬಿಡೋಣ. ಹಟ್ಟಿಯ ಟ್ಯಾಂಕರ್ ಐತೆ."

ಆರುನೂರು ಎಕರೆಗೆ ಒಂದು ಟ್ಯಾಂಕರ್ ಏನೂ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಕೈಕಟ್ಟಿ ಕೂರಲಾಗದೆ ಹದಿನೇಳನೆಯ ಕೊಳವೆಯ ಸುತ್ತ ಕಾಲು ಎಕರೆಗೆ ನೀರು ಹಾಯಿಸಿದರು. ಹತ್ತೇ ನಿಮಿಷದಲ್ಲಿ ಆ ಚುಕ್ಕೆ ಹಿಂದೆಂದೂ ಕಾಣದಷ್ಟು ಕಡು ಹಸಿರಾಗಿ ಹೊಳೆಯಿತು. ಉಸಿರಿನ ಗೆರೆ ಪರದೆಯ ಮೇಲಂಚಿಗೆ ಮುಟ್ಟಿತು.

"ಬದುಕಿದ್ವು ಮೇಡಂ!" ದಸ್ತಗೀರ್ ಕೂಗಿದ.

ಅನಸೂಯಾ ಗಡಿಯಾರ ನೋಡುತ್ತ ನಿಂತಳು. ಮುಕ್ಕಾಲು ಗಂಟೆಯಲ್ಲಿ ಗೆರೆ ಸರ್ರನೆ ಇಳಿದು ತಳ ಮುಟ್ಟಿತು. ಹದಿನೇಳನೆಯ ಚುಕ್ಕೆ ಕೆಂಪಾಗಿ, ಆಮೇಲೆ ಬೂದಾಯಿತು.

"ಒಡೆದು ಹೋದವು," ಎಂದಳು. "ದಾಹಕ್ಕೆ ಮೈತುಂಬ ಸಕ್ಕರೆ ತುಂಬಿಕೊಂಡಿದ್ದವು. ಒಮ್ಮೆಗೇ ನೀರು ಬಿದ್ದರೆ ಅದು ಒಳಗೆ ನುಗ್ಗಿ ಮೈ ಸಿಡಿಯುತ್ತೆ. ನೀವು ನೋಡಿದ ಹಸಿರು ಅವುಗಳ ಕೊನೆಯ ಉಸಿರು, ದಸ್ತಗೀರ್."

ಬೂದು ಅಂದರೆ ನಿದ್ದೆ ಎಂದು ಅವಳೇ ಕಾಟಮ್ಮನಿಗೆ ಹೇಳಿದ್ದಳು. ಸತ್ತದ್ದೂ ಅದೇ ಬೂದು ಎಂಬುದು ಈಗ ಕಣ್ಣಿಗೆ ರಾಚಿತು. ಉಸಿರಾಡದವು ಮಲಗಿವೆಯೋ ಇಲ್ಲವಾಗಿವೆಯೋ ಹೇಳಲು ಅವಳ ಯಂತ್ರಕ್ಕೆ ಬರುತ್ತಿರಲಿಲ್ಲ.

ಭಾನುವಾರ ನಸುಕಿಗೇ ಎದ್ದು ಅವಳು ಕಾವಲಿನ ಉದ್ದಕ್ಕೂ ನಡೆದಳು. ಏರಿನಲ್ಲಿ ಒಂದು ಕಡೆ, ಹೋದ ವರ್ಷ ಕೊಯ್ದು ಮರೆತಿದ್ದ ಹುಲ್ಲಿನ ಹೊರೆಯೊಂದು ಬಿದ್ದಿತ್ತು. ಕಾಲಿನಿಂದ ಸರಿಸಿದಳು. ಕೆಳಗಿನ ಮಣ್ಣು ತಣ್ಣಗಿತ್ತು. ಕೈಯಲ್ಲಿದ್ದ ಅಳತೆಯ ಯಂತ್ರ ಊರಿದರೆ ಉಸಿರಿನ ಗೆರೆ ನಿಧಾನವಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಸಾಯುವವು ಹಾಗೆ ಇಳಿಯುವುದಿಲ್ಲ. ನೆರಳು ಸಿಕ್ಕ ಅವು ಬಿಡುವು ಪಡೆದು, ಹುಲ್ಲಿನ ಪುಡಿಯನ್ನೇ ಉಂಡು, ಮುದುಡಿ ಮಲಗುತ್ತಿದ್ದವು.

ಅವಳು ಅಲ್ಲೇ ಕುಕ್ಕರಿಸಿದಳು. ಏನು ಮಾಡಬೇಕೆಂದು ಹೊಳೆದಿತ್ತು. ಅದನ್ನು ಯಾರ ಹತ್ತಿರ ಕೇಳಬೇಕೆಂಬುದೂ ಹೊಳೆದಿತ್ತು. ಕೇಳಲು ಬಾಯಿ ಬರಬೇಕಿತ್ತು.

ಹಟ್ಟಿಯ ಹಿಂದೆ ನಲವತ್ತಮೂರು ಬಣವೆಗಳಿದ್ದವು. ಡಿಸೆಂಬರಿನಲ್ಲಿ ಇದೇ ಕಾವಲಿನಿಂದ ಕೊಯ್ದು ಒಟ್ಟಿದ ಹುಲ್ಲು. ಹೊಸ ಹುಲ್ಲು ಚಿಗುರುವವರೆಗೆ ಹಟ್ಟಿಯ ಸಾವಿರದ ಮುನ್ನೂರು ಕುರಿಗಳ ಹೊಟ್ಟೆ ಅದರ ಮೇಲೆ ನಿಂತಿತ್ತು.

ಕಾಟಮ್ಮ ಮರಿಗಳಿಗೆ ನೀರು ಕುಡಿಸುತ್ತಿದ್ದಳು. ಅನಸೂಯಾ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಮಳೆ ತಪ್ಪಿದ್ದು, ಎದ್ದವು ಸಾಯುತ್ತಿರುವುದು, ನೀರು ಹಾಕಿ ಕೊಂದದ್ದು, ಹುಲ್ಲಿನ ಹೊರೆಯಡಿ ಕಂಡದ್ದು, ಎಲ್ಲ.

"ಅವು ಸತ್ರೆ ಏನಾಯ್ತದೆ?"

"ಹುಲ್ಲು ಬರಲ್ಲ. ಈ ವರ್ಷ ಮಾತ್ರ ಅಲ್ಲ. ಆ ಭಂಡಾರ ನೂರಾರು ವರ್ಷದಿಂದ ಕೂಡಿದ್ದು."

"ಹುಲ್ಲು ಹೊದಿಸಿದ್ರೆ?"

"ನಲವತ್ತಮೂರು ಬಣವೆ ತೆಳ್ಳಗೆ ಹರಡಿದರೂ ಎಪ್ಪತ್ತೆಕರೆಗೆ ಸಾಕಾಗಬಹುದು. ಏರಿನ ಮೇಲ್ಗಡೆ ಅಡ್ಡಡ್ಡ ಪಟ್ಟಿ ಮಾಡಿ ಹರಡಿದರೆ, ಮುಂದೆ ನೀರು ಹರಿದಾಗ ಅಲ್ಲಿ ಉಳಿದವು ಕೆಳಗಡೆಗೆ ಇಳೀತಾವೆ."

"ಮಿಕ್ಕ ಐನೂರ ಮೂವತ್ತು?"

"ಅದಕ್ಕೆ ಹುಲ್ಲಿಲ್ಲ."

ಕಾಟಮ್ಮ ಮರಿಯ ಬಾಯಿ ಒರೆಸಿ ಕೆಳಗೆ ಬಿಟ್ಟಳು. "ನೀವು ಬಟನ್ ಒತ್ತೋ ದಿನ ನಮ್ಮನ್ನ ಕೇಳ್ಲಿಲ್ಲ. ನೋಡಾಕೆ ಕರೆದ್ರಿ ಅಷ್ಟೇಯ. ಈಗ ಕೇಳಾಕ್ ಬಂದೀರಿ."

"ಹೌದು."

"ನನ್ ಕುರಿ ಬಾಯಿಂದ ಕಿತ್ತು ಕಣ್ಣಿಗೆ ಕಾಣದ ಹುಳಕ್ಕೆ ಹಾಕು ಅಂತೀರಿ."

"ಹೌದು ಕಾಟಮ್ಮಾ. ಉಳೀತಾವೆ ಅಂತ ಮಾತು ಕೊಡೋಕೂ ನನ್ನ ಕೈಲಿ ಆಗಲ್ಲ."

ಈ ಕೊನೆಯ ಮಾತಿಗೆ ಕಾಟಮ್ಮ ಅವಳ ಮುಖವನ್ನು ದಿಟ್ಟಿಸಿದಳು. ಆಮೇಲೆ ಹಟ್ಟಿಯ ಬೇವಿನಡಿ ಸಭೆ ಸೇರಿತು. ಗಂಡಸರು ರೇಗಿದರು. ಯಂತ್ರ ತಂದವಳೇ ಹುಲ್ಲೂ ತರಲಿ ಎಂದರು. ಸರ್ಕಾರ ನೋಡಿಕೊಳ್ಳಲಿ ಎಂದರು. ಕಾಟಮ್ಮ ಎಲ್ಲರ ಮಾತೂ ಮುಗಿಯಲೆಂದು ಕಾದು ಹೇಳಿದಳು:

"ಕುರಿಗೆ ಕಾಲೈತೆ. ಹೊಳೆ ಕಡೀಕೆ ಹೊಡ್ಕಂಡ್ ಹೋಗಬೋದು. ಈ ನೆಲಕ್ಕೆ ಕಾಲಿಲ್ಲ, ಎಲ್ಲಿಗ್ ಹೋಯ್ತದೆ? ತಪ್ಪು ಯಾರ್ದು ಅಂತ ಆಮ್ಯಾಲೆ ಮಾತಾಡಾನ. ಮೊದ್ಲು ಬಣವೆ ಬಿಚ್ರಿ."

ಅಂದು ಮಧ್ಯಾಹ್ನವೇ ಗಂಡಸರು ಮಂದೆ ಹೊಡೆದುಕೊಂಡು ತುಂಗಭದ್ರೆಯ ದಾರಿ ಹಿಡಿದರು. ಎಳೆಯ ಮರಿಗಳನ್ನು ಕಂಬಳಿಯಲ್ಲಿ ಕಟ್ಟಿ ಹೆಗಲಿಗೇರಿಸಿಕೊಂಡಿದ್ದರು. ವರ್ಷದ ಆ ಕಾಲದಲ್ಲಿ ಯಾರೂ ಆ ದಾರಿ ನಡೆಯುತ್ತಿರಲಿಲ್ಲ. ಬಿಸಿಲಿಗೆ ಹತ್ತೊಂಬತ್ತು ಮರಿಗಳು ಸತ್ತವು ಎಂಬ ಸುದ್ದಿ ನಾಲ್ಕು ದಿನದ ಮೇಲೆ ಹಟ್ಟಿಗೆ ಬಂತು. ಕಾಟಮ್ಮ ಅದನ್ನು ಅನಸೂಯಳಿಗೆ ತಾನೇ ಹೇಳಿದಳು, ಯಾವ ಆರೋಪವೂ ಇಲ್ಲದೆ. ಆರೋಪವಿದ್ದಿದ್ದರೆ ಅನಸೂಯಳಿಗೆ ಹಗುರವಾಗುತ್ತಿತ್ತೇನೋ.

ಹೆಂಗಸರು, ದಸ್ತಗೀರ್, ಅನಸೂಯಾ ಎಲ್ಲರೂ ಸೇರಿ ನಾಲ್ಕು ದಿನ ಹುಲ್ಲು ಹೊತ್ತರು. ಬೆಳಿಗ್ಗೆ ಐದರಿಂದ ಹತ್ತರವರೆಗೆ, ಮತ್ತೆ ಬಿಸಿಲಿಳಿದ ಮೇಲೆ. ಅನಸೂಯಳ ಕತ್ತಿನ ಹಿಂಬದಿ ಸುಲಿದುಹೋಯಿತು. ಹರಡಿದ ಪ್ರತಿ ಪಟ್ಟಿಯ ಕೆಳಗೂ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬೂದಾಗುತ್ತಿತ್ತು. ಹೊದಿಕೆಯಿಲ್ಲದ ಕಡೆ ಹಳದಿ ಕೆಂಪಾಯಿತು, ಕೆಂಪು ಬೂದಾಯಿತು. ಗುರುವಾರ ಸಂಜೆಗೆ ಇಡೀ ನಕ್ಷೆ ಮತ್ತೆ ಮೊದಲಿನ ಬೂದು ಬಣ್ಣಕ್ಕೆ ಬಂದಿತ್ತು. ಎಪ್ಪತ್ತೆಕರೆಯ ಬೂದು ನಿದ್ದೆಯೆಂದು ಅವಳು ನಂಬಿದ್ದಳು. ಉಳಿದ ಬೂದನ್ನು ನೋಡಲಾರದೆ ಪರದೆ ಆರಿಸಿದಳು.

ಭಾನುವಾರ ಮಳೆ ಬಂತು. ಹೊದಿಕೆಯ ಪಟ್ಟಿಗಳಲ್ಲಿ ಹನಿ ಹುಲ್ಲಿಗೆ ಬಡಿದು, ಸೋಸಿ, ಮೆಲ್ಲಗೆ ಕೆಳಗಿಳಿಯಿತು. ಬಯಲಿನಲ್ಲಿ ಕೆಂಪು ನೀರು ಗೀರು ಕೊರೆಯುತ್ತ ಹಳ್ಳದ ಕಡೆ ಓಡಿತು. ಏಳನೆಯ ದಿನ ಪಟ್ಟಿಗಳ ಕೊಳವೆಗಳು ಒಂದೊಂದಾಗಿ ಹಸಿರಾದವು. ಬಯಲಿನ ಚುಕ್ಕೆಗಳು ಬೂದಾಗಿಯೇ ಉಳಿದವು. ಎಂಟನೆಯ ದಿನವೂ ಹಾಗೆಯೇ. ಅನಸೂಯಾ ವರದಿ ಬರೆಯಲು ಕುಳಿತಳು: 'ಐನೂರ ಮೂವತ್ತು ಎಕರೆಯ ಸುಪ್ತಭಂಡಾರ ನಾಶವಾಗಿದೆ. ಹೊಣೆ ನನ್ನದು.' ಅದಕ್ಕಿಂತ ಮುಂದೆ ಪೆನ್ನು ಓಡಲಿಲ್ಲ.

ಹನ್ನೊಂದನೆಯ ದಿನ ದಸ್ತಗೀರ್ ಬಾಗಿಲಲ್ಲಿ ನಿಂತ. "ಮೇಡಂ, ನೂರ ನಲವತ್ತನೇ ಕೊಳವೆ ಕೆಟ್ಟೈತೆ ಅನ್ಸುತ್ತೆ. ಬಯಲಿಂದು. ಹಸಿರು ತೋರಿಸ್ತಿದೆ."

ಕೆಟ್ಟಿರಲಿಲ್ಲ. ಮರುದಿನ ಇನ್ನೂ ಹನ್ನೆರಡು ಕೊಳವೆಗಳು ಹಾಗೇ ಎದ್ದವು, ತೀರ ಮಸುಕಾದ ಹಸಿರಿನಲ್ಲಿ. ಅನಸೂಯಾ ಆ ಮಣ್ಣನ್ನು ತಂದು ಮೂರು ವಾರ ಸೂಕ್ಷ್ಮದರ್ಶಕದ ಮೇಲಿಂದ ತಲೆ ಎತ್ತಲಿಲ್ಲ. ಕೊನೆಗೆ ಗೊತ್ತಾದದ್ದು ಇಷ್ಟು. ಎಚ್ಚರದ ಅಣುವಿಗೆ ಎಲ್ಲವೂ ಎದ್ದಿರಲಿಲ್ಲ. ನೂರರಲ್ಲಿ ನಾಲ್ಕು ಬೀಜಕಗಳು ಕವಚ ಬಿಡದೆ ಹಾಗೇ ಬಿದ್ದುಕೊಂಡಿದ್ದವು. ಅವು ಬೇರೆ ಜಾತಿಯವಲ್ಲ. ಎದ್ದು ಸತ್ತವುಗಳ ಒಡಹುಟ್ಟಿದವೇ, ಅದೇ ಕಣದ ಸಂದಿಯಲ್ಲಿದ್ದವು, ಅದೇ ಸುದ್ದಿ ಅವಕ್ಕೂ ಮುಟ್ಟಿತ್ತು. ಆದರೂ ಏಳಲಿಲ್ಲ.

ಈ ನಾಲ್ಕರ ವಿಷಯ ಅವಳಿಗೆ ಪ್ರಯೋಗಾಲಯದಲ್ಲೂ ಕಂಡಿತ್ತು. ಅದನ್ನು ತನ್ನ ಅಣುವಿನ ದೋಷವೆಂದು ತಿಳಿದು, ಅದನ್ನು ಸರಿಪಡಿಸಲು ಎರಡು ವರ್ಷ ತಿಣುಕಿದ್ದಳು. ನೂರಕ್ಕೆ ನೂರನ್ನೂ ಎಬ್ಬಿಸುವ ಹೊಸ ಅಣುವನ್ನು ಜನವರಿಯಲ್ಲಷ್ಟೇ ಸಿದ್ಧಪಡಿಸಿ ಬೆಂಗಳೂರಿನ ಸಂಶೋಧನಾ ಕೇಂದ್ರಕ್ಕೆ ಕಳಿಸಿದ್ದಳು. ಅದು ಮೇ ತಿಂಗಳಿಗೆ ಮೊದಲು ಒಪ್ಪಿಗೆಯಾಗಿ ಬಂದಿದ್ದರೆ ಬೂದಿಗುಡ್ಡದ ಬಯಲಿನಲ್ಲಿ ಒಂದೂ ಉಳಿಯುತ್ತಿರಲಿಲ್ಲ.

ಕಾಟಮ್ಮನಿಗೆ ಅವಳು ಇದನ್ನೂ ಮುಚ್ಚಿಡಲಿಲ್ಲ.

"ಅವು ಯಾಕ್ ಏಳ್ಲಿಲ್ಲ?" ಎಂದಳು ಕಾಟಮ್ಮ.

"ಹಿಂದೆ ಕೋಟಿ ವರ್ಷದಲ್ಲಿ ಇಂಥ ಹುಸಿ ಮಳೆ ಎಷ್ಟೋ ಬಂದು ಹೋಗಿರಬೇಕು. ಒಂದು ತುಂತುರಿಗೇ ಎಲ್ಲ ಎದ್ದ ವಂಶಗಳು ಅಳಿದು ಹೋದವು. ಒಂದಿಷ್ಟನ್ನ ಮಲಗಿಸಿಟ್ಟ ವಂಶಗಳು ಉಳಿದವು. ಆದರೆ ಯಾವುದು ಏಳಬೇಕು, ಯಾವುದು ಮಲಗಬೇಕು ಅಂತ ಹೇಗೆ ತೀರ್ಮಾನ ಆಗುತ್ತೋ ನನಗೆ ಗೊತ್ತಿಲ್ಲ."

"ನಾವೂ ಅಷ್ಟೇಯ. ಮಳೆ ಕೈಕೊಟ್ಟ ವರ್ಷ ಎಲ್ಲಾ ಕುರೀನೂ ಒಂದೇ ದಿಕ್ಕಿಗೆ ಹೊಡ್ಯಲ್ಲ. ಒಂದ್ ಮಂದೆ ಹಿಂದ್ ಬಿಟ್ಟಿರ್ತೀವಿ. ಹೋದವು ಬರ್ದೇ ಇದ್ರೆ ಅನ್ನೋ ಭಯಕ್ಕೆ."

ಜುಲೈ ಕೊನೆಯಲ್ಲಿ ಕೇಂದ್ರದ ನಿರ್ದೇಶಕ ಪರಮೇಶ್ವರಯ್ಯನವರು ಫೋನ್ ಮಾಡಿದರು. ಅವರ ದನಿಯಲ್ಲಿ ಉತ್ಸಾಹವಿತ್ತು. "ಅಭಿನಂದನೆ ಅನಸೂಯಾ. ಬರದ ನಡುವೆಯೂ ಎಪ್ಪತ್ತೆಕರೆ ಉಳಿಸಿದ್ದೀರಿ. ನಿಮ್ಮ ಹೊಸ ಅಣುವಿಗೆ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿದೆ. ಮುಂದಿನ ಮೇ ತಿಂಗಳಿಗೆ ಆರು ಜಿಲ್ಲೆ, ಇಪ್ಪತ್ತು ಸಾವಿರ ಎಕರೆ."

"ಅದು ಬೇಡ ಸರ್."

"ಏನು?"

"ಆ ಅಣು ಬೇಡ. ಎಪ್ಪತ್ತೆಕರೆ ಉಳಿಸಿದ್ದು ಹಟ್ಟಿಯವರ ಹುಲ್ಲು. ಬಯಲು ಉಳಿದದ್ದು ನನ್ನ ಮಾತು ಕೇಳದೇ ಇದ್ದ ನೂರರಲ್ಲಿ ನಾಲ್ಕರಿಂದ. ಆ ನಾಲ್ಕನ್ನೂ ಎಬ್ಬಿಸಬೇಡಿ."

"ಅದನ್ನು ಕಳಿಸಿದವರೇ ನೀವಲ್ಲವೇನ್ರೀ?"

"ನಾನೇ ಸರ್. ಅದಕ್ಕೇ ನಾನೇ ಬೇಡ ಅಂತಿದ್ದೀನಿ."

ಫೋನಿನಲ್ಲಿ ಆಡಿದಷ್ಟು ಸುಲಭವಾಗಿ ಅದು ನಿಲ್ಲಲಿಲ್ಲ. ಸಮಿತಿ ಅವಳನ್ನು ಮೂರು ಸಲ ಕರೆಸಿತು. ಒಬ್ಬ ಸದಸ್ಯರು, ಸೋಲಿನಿಂದ ಎದೆಗುಂದಿದ್ದೀರಿ ಎಂದು ಸಮಾಧಾನ ಹೇಳಿದರು. ಅವಳು ವಾದ ಬಿಟ್ಟು ಎರಡು ತೊಟ್ಟಿಗಳಲ್ಲಿ ಕಾವಲಿನ ಮಣ್ಣು ತುಂಬಿಸಿ ಕೇಂದ್ರದ ತಾರಸಿಯ ಮೇಲಿಟ್ಟಳು. ಒಂದಕ್ಕೆ ಹಳೆಯ ಅಣು, ಇನ್ನೊಂದಕ್ಕೆ ಹೊಸದು. ಹನ್ನೆರಡು ದಿನ ದೀಪಗಳ ಕಾವು, ಆಮೇಲೆ ನೀರು. ಹಳೆಯದರಲ್ಲಿ ಮೂರನೆಯ ವಾರಕ್ಕೆ ಹುಲ್ಲು ಇಣುಕಿತು. ಹೊಸದರಲ್ಲಿ ಏಳು ವಾರ ಕಳೆದರೂ ಏನೂ ಏಳಲಿಲ್ಲ. ಸದಸ್ಯರು ಒಬ್ಬೊಬ್ಬರಾಗಿ ತಾರಸಿಗೆ ಬಂದು ಆ ಬರಿದಾದ ತೊಟ್ಟಿಯನ್ನು ನೋಡಿ ಇಳಿದು ಹೋದರು. ಯೋಜನೆ ರದ್ದಾಯಿತು. ಕೊಳವೆಗಳಿಂದ ಎಬ್ಬಿಸುವ ಭಾಗವನ್ನು ತೆಗೆಸಿ, ಉಸಿರು ಅಳೆಯುವುದನ್ನು ಮಾತ್ರ ಉಳಿಸಿದರು. ಮುಂದಿನ ಬಡ್ತಿಯ ಪಟ್ಟಿಯಲ್ಲಿ ಅನಸೂಯಳ ಹೆಸರಿರಲಿಲ್ಲ.

ಡಿಸೆಂಬರಿನಲ್ಲಿ ಅವಳು ಬೂದಿಗುಡ್ಡಕ್ಕೆ ಹೋದಾಗ ಹುಲ್ಲಿನ ಕೊಯ್ಲು ನಡೆದಿತ್ತು. ಪಟ್ಟಿಗಳಲ್ಲಿ ಸೊಂಟದೆತ್ತರ, ಬಯಲಿನಲ್ಲಿ ಅಲ್ಲಲ್ಲಿ ಗೇಣುದ್ದದ ತೇಪೆಗಳು. ಮೊದಲಿನಂತಾಗಲು ಹತ್ತು ವರ್ಷವಾದರೂ ಬೇಕೆಂದು ಅವಳ ಅಂದಾಜು. ಹಟ್ಟಿಯ ಹಿಂದೆ ಈ ಸಲ ಇಪ್ಪತ್ತೊಂದೇ ಬಣವೆಗಳು. ಆದರೆ ಏರಿನ ನೆತ್ತಿಯ ಮೇಲೆ, ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿ, ಇನ್ನೊಂದು ಬಣವೆ ಏಳುತ್ತಿತ್ತು. ದಸ್ತಗೀರ್ ಮೇಲೆ ನಿಂತು ಒಟ್ಟುತ್ತಿದ್ದ, ಕಾಟಮ್ಮ ಕೆಳಗಿನಿಂದ ಹೊರೆ ಎಸೆಯುತ್ತಿದ್ದಳು.

"ಇದು ಯಾರ ಮನೇದು ಕಾಟಮ್ಮಾ, ಇಷ್ಟು ದೂರ?"

"ಯಾರ್ ಮನೇದೂ ಅಲ್ಲ. ನೆಲದ್ದು. ಮನೆಗೆ ಎರಡು ಹೊರೆ ಅಂತ ಕೂಡಿಸೀವಿ. ಮುಂದಿನ ಸಲ ಮಳೆ ಕೈಕೊಟ್ರೆ ಹೊದಿಸಾಕೆ. ಆ ಕಡೆ ಹಟ್ಟಿಯೋರೂ ನೋಡ್ಕಂಡ್ ಹೋಗಿ ಒಂದು ಹಾಕವ್ರೆ."

"ನಿಮ್ಮ ಕುರಿಗೇ ಸಾಲದಲ್ಲ ಈ ವರ್ಷ."

"ಸಾಲಲ್ಲ," ಎಂದಳು ಕಾಟಮ್ಮ. ಮತ್ತೊಂದು ಹೊರೆ ಎತ್ತಿ, ಅರ್ಧಕ್ಕೇ ಇಳಿಸಿ, ಸೊಂಟ ಹಿಡಿದುಕೊಂಡಳು. "ಅದ್ಯಾಕೆ ನಿಂತೀರಿ? ಆ ಕಡೆ ತುದಿ ಹಿಡೀರಿ."

ಅನಸೂಯಾ ಚೀಲ ಕೆಳಗಿಟ್ಟು ಹೊರೆಯ ಇನ್ನೊಂದು ತುದಿ ಹಿಡಿದಳು.